12 ವರ್ಷದ ಹಳೇ ಬೀಗ

ಮಗಳ ಮದುವೆ ಹತ್ತಿರ ಬಂತು ಅಂತ ಅಕ್ಕ ಗದಗಿನಿಂದ ಫೋನ್ ಮಾಡಿದ್ದಳು. "ತಮ್ಮಾ, ಆಯಿ ಹಾಡಿದ ಸೋಬಾನ ಪದ ನಿನ್ನ ಕಡೆ ಅದಾವಲ್ಲ? ಅರಿಷಿಣ ಹಚ್ಚೋ ಮುಂದ ಅವನ್ನ ಕೇಳಸೋಣು" ಅಂದಳು. ಆಯಿ ಅಂದರೆ ನಮ್ಮ ಅವ್ವನ ಅವ್ವ, ಲಕ್ಕುಂಡಿಯವಳು. 2013ರ ಬೇಸಿಗೆಯಲ್ಲಿ ಪಡಸಾಲೆಯಲ್ಲಿ ಕೂರಿಸಿಕೊಂಡು ಅವಳ 41 ಪದ ರೆಕಾರ್ಡ್ ಮಾಡಿದ್ದೆ. 2016ರಲ್ಲಿ ಆಯಿ ಹೋದಳು. ಅವಳ ದನಿ ಇರುವುದು ಆ ರೆಕಾರ್ಡಿಂಗ್‌ನಲ್ಲಿ ಮಾತ್ರ.

ಹಳೇ ಹಾರ್ಡ್ ಡಿಸ್ಕ್ ಸಿಕ್ಕಿತು, ಚೆನ್ನಾಗಿಯೇ ಇತ್ತು. ಆದರೆ ಪದಗಳನ್ನು ನಾನು ಹೊಲದ ಉತಾರ, ಬ್ಯಾಂಕಿನ ಕಾಗದಗಳ ಸ್ಕ್ಯಾನ್ ಜೊತೆ ಟ್ರೂಕ್ರಿಪ್ಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಬೀಗ ಹಾಕಿದ ಒಂದೇ ಫೈಲಿನೊಳಗೆ ಇಟ್ಟಿದ್ದೆ. ಪಾಸ್‌ವರ್ಡ್ ಮರೆತುಹೋಗಿತ್ತು.

ಮೊದಲು ಮಾಡಿದ ಒಳ್ಳೇ ಕೆಲಸ ಅಂದರೆ ಆ ಫೈಲಿನ ಎರಡು ಕಾಪಿ ಬೇರೆ ಕಡೆ ತೆಗೆದಿಟ್ಟದ್ದು. ಮೂಲ ಫೈಲನ್ನು ಆಮೇಲೆ ಮುಟ್ಟಲೇ ಇಲ್ಲ. ಇಂಥ ಫೈಲಿನ ಮೊದಲ ಸ್ವಲ್ಪ ಭಾಗ ಅಂದರೆ ಹೆಡರ್, ಒಳಗಿನದನ್ನೆಲ್ಲ ಬಿಚ್ಚುವ ನಿಜವಾದ ಕೀಲಿ ಇರುವುದು ಅಲ್ಲೇ. ನಮ್ಮ ಪಾಸ್‌ವರ್ಡ್ ಆ ಕೀಲಿಯನ್ನು ಬಿಚ್ಚುತ್ತದೆ ಅಷ್ಟೇ. ಹೆಡರ್ ಕೆಟ್ಟರೆ ಸರಿಯಾದ ಪಾಸ್‌ವರ್ಡ್ ನೆನಪಿದ್ದರೂ ಉಪಯೋಗವಿಲ್ಲ. ಅದರ ಇನ್ನೊಂದು ಪ್ರತಿ ಫೈಲಿನ ಕೊನೆಯಲ್ಲಿ ಇರುತ್ತದೆ ನಿಜ, ಆದರೂ ಆಯಿಯ ದನಿಯನ್ನು ಅದೊಂದರ ಮೇಲೆ ಬಿಡಲು ನನಗೆ ಧೈರ್ಯ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಡೇಟಾ ರಿಕವರಿ ಮಾಡುವ ಒಬ್ಬರನ್ನು ಕೇಳಿದೆ. "ಡಿಸ್ಕ್ ಸತ್ತಿದ್ರ ನೋಡಬಹುದಿತ್ರಿ ಸರ್, ಇದು ಬ್ಯಾರೇನ ಐತಿ" ಅಂದರು. ಅವರು ಹೇಳಿದ್ದು ಸರಿ. ಬರೀ 8 ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡ್ ಆದರೂ 20 ಸಾವಿರ ಕೋಟಿಗೂ ಜಾಸ್ತಿ ಸಾಧ್ಯತೆಗಳು. ನನ್ನದು ಅದಕ್ಕಿಂತ ಉದ್ದ. 20 ಅಕ್ಷರಕ್ಕಿಂತ ಕಡಿಮೆ ಇದ್ದರೆ ಟ್ರೂಕ್ರಿಪ್ಟ್ ಎಚ್ಚರಿಕೆ ಕೊಡುತ್ತಿತ್ತು, ಅದಕ್ಕೇ ಮೂರು ಹೆಸರು ಸೇರಿಸಿ ಉದ್ದ ಮಾಡಿದ್ದೆ. ಅದು ನೆನಪಿತ್ತು. ಆಯಿಯ ಹೆಸರು, ಅವಳ ಊರು, ನಮ್ಮ ಊರು. ಹೇಗೆ ಬರೆದಿದ್ದೆ ಅನ್ನೋದು ಮಾತ್ರ ನೆನಪಿರಲಿಲ್ಲ.

ಹಾಗಿದ್ದರೆ ಸುಲಭ ಅಲ್ವಾ ಅಂತ ನನಗೂ ಅನಿಸಿತು. ಟ್ರೂಕ್ರಿಪ್ಟ್‌ನ ಜಾಗಕ್ಕೆ ಬಂದ ವೆರಾಕ್ರಿಪ್ಟ್ ಹಾಕಿಕೊಂಡು ಎರಡು ರಾತ್ರಿ ಪಾಸ್‌ವರ್ಡ್ ಹೊಡೆದದ್ದೇ ಹೊಡೆದದ್ದು, ಒಂದೂ ಹತ್ತಲಿಲ್ಲ. ಮೂರನೇ ದಿನ ಗೊತ್ತಾಯಿತು, ಟ್ರೂಕ್ರಿಪ್ಟ್ 2014ರ ಮೇನಲ್ಲಿ ನಿಂತುಹೋಗಿದೆ, ಅದರ ಫೈಲುಗಳನ್ನು ವೆರಾಕ್ರಿಪ್ಟ್ ಬಹಳ ವರ್ಷ ತೆರೆಯುತ್ತಿತ್ತು, ಆದರೆ 1.26 ಆವೃತ್ತಿಯಿಂದ ಆ ಸೌಲಭ್ಯವನ್ನೇ ತೆಗೆದಿದ್ದಾರೆ, ನಾನು ಹಾಕಿಕೊಂಡದ್ದು ಅದಕ್ಕಿಂತ ಹೊಸದು! ಅಂದರೆ ಆ ಎರಡು ರಾತ್ರಿ ಸರಿಯಾದ ಪಾಸ್‌ವರ್ಡ್ ಹೊಡೆದಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ. ಅದನ್ನು ಓದಿದಾಗ ಅಳು ಬಂತು. ಹಳೇ ಟ್ರೂಕ್ರಿಪ್ಟ್ ಫೈಲ್ ಇಟ್ಟುಕೊಂಡವರು 1.25.9 ಹುಡುಕಿ ಹಾಕಿಕೊಳ್ಳಿ, ಅದರಲ್ಲಿ ಟ್ರೂಕ್ರಿಪ್ಟ್ ಮೋಡ್ ಅಂತ ಟಿಕ್ ಮಾಡುವ ಜಾಗ ಇದೆ.

ಹಳೇ ಆವೃತ್ತಿ ಹಾಕಿ, ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ತಾನೇ ಹೊಡೆದು ನೋಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ನಮ್ಮ ಊರಿಗೆ ಎರಡು ಸ್ಪೆಲಿಂಗ್ ಕೊಟ್ಟೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಆಯಿತು, ಅದಕ್ಕೆ ಮೊದಲು ಬೋರ್ಡಿನಿಂದ ಹಿಡಿದು ರೈಲ್ವೆ ಟಿಕೆಟ್‌ವರೆಗೆ ಎಲ್ಲಾ ಕಡೆ ಹುಬ್ಲಿ. ಬೀಗ ಹಾಕಿದ್ದು 2013ರಲ್ಲಿ. ಹೊಸ ಸ್ಪೆಲಿಂಗ್ ಕೈಗೆ ಎಷ್ಟು ರೂಢಿಯಾಗಿದೆ ಅಂದರೆ, ಹಳೇದನ್ನು ನೆನಪು ಮಾಡಿಕೊಳ್ಳಲು ಫೈಲಿನ ತಾರೀಖು ನೋಡಬೇಕಾಯಿತು. ಆಯಿಯ ಹೆಸರಿಗೆ ನಾಲ್ಕು ಸ್ಪೆಲಿಂಗ್, ಲಕ್ಕುಂಡಿಗೆ ಐದು, ನಡುವೆ ಚುಕ್ಕಿ, ಗೆರೆ, ಏನೂ ಇಲ್ಲದ್ದು, ದೊಡ್ಡಕ್ಷರ ಸಣ್ಣಕ್ಷರ, ಹಿಂದು ಮುಂದು ಮಾಡಿದ್ದು. ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ಪಟ್ಟಿ ಮುಗಿದಿತ್ತು, ಫೈಲ್ ತೆರೆದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಆಗಲಿಲ್ಲ ಅಂದೆ. ಎಲ್ಲಾ ಕೇಳಿಸಿಕೊಂಡು ಅವಳು ಕೇಳಿದಳು, "ಆ ವರ್ಷ ನೀನು ಲಕ್ಕುಂಡಿ ಅಂತಿದ್ದೆ ಎಲ್ಲಿ? ಗುಡಿ ಗುಡಿ ಅಡ್ಡ್ಯಾಡಿ, ಶಾಸನ ಓದಕೋತ, ಬರೇ ಲೊಕ್ಕಿಗುಂಡಿ ಲೊಕ್ಕಿಗುಂಡಿ ಅಂತಿದ್ದಿ. ಆಯಿ ಸೈತ ನಗತಿದ್ಲು."

ಮೈ ಜುಂ ಅಂದಿತು. ಶಾಸನಗಳಲ್ಲಿ ಲಕ್ಕುಂಡಿಯ ಹೆಸರು ಲೊಕ್ಕಿಗುಂಡಿ. ಆ ವರ್ಷ ನನಗೆ ಅದರದ್ದೇ ಗುಂಗು. ಆ ಗುಂಗು ಹೋಗಿ ಎಷ್ಟೋ ವರ್ಷ ಆಗಿತ್ತು. ನಾನು ಮರೆತಿದ್ದೆ, ಅಕ್ಕ ಮರೆತಿರಲಿಲ್ಲ. ಪಟ್ಟಿಗೆ ಆ ಒಂದು ಹೆಸರು ಸೇರಿಸಿ ಮತ್ತೆ ಓಡಿಸಿದೆ. ಒಲೆ ಮೇಲಿಟ್ಟ ಚಹಾ ಕುದಿಯುವ ಮೊದಲೇ ತೆರೆಯಿತು.

41 ಪದಗಳೂ ಇದ್ದವು. ಅವತ್ತೇ ಅವನ್ನು ಬೀಗ ಇಲ್ಲದೆ ಅಕ್ಕನಿಗೆ, ಮಾವಂದಿರಿಗೆ, ಎಲ್ಲರಿಗೂ ಕಳಿಸಿದೆ. ಉತಾರ, ಬ್ಯಾಂಕಿನ ಕಾಗದ ಹೊಸ ಬೀಗದೊಳಗೆ ಹೋದವು. ಅದರ ಪಾಸ್‌ವರ್ಡ್ ಬರೆದ ಚೀಟಿ ಈಗ ಅಕ್ಕನ ತಿಜೋರಿಯಲ್ಲಿದೆ.

ಫೈಲ್ ತೆರೆದಾಗ ಫೋನ್ ಇನ್ನೂ ಇಟ್ಟಿರಲಿಲ್ಲ ಅಕ್ಕ. ಮೊದಲ ಫೈಲ್ ಹಚ್ಚಿದೆ. ಹಾಡಿಗೆ ಮೊದಲು ಒಂದು ಕೆಮ್ಮು, ಬಳೆ ಸದ್ದು, ಆಮೇಲೆ ಆಯಿ ನನ್ನನ್ನೇ ಕೇಳುತ್ತಿದ್ದಳು, "ಚಾಲೂ ಆತೇನೋ? ಹಾಡ್ಲೇನ ಈಗ?"