ಸಿಂಕು ಆಯ್ತು, ಬಚ್ಚಲು ಆಯ್ತು, ಚೇಂಬರ್ ಬಾಕಿ

ಶನಿವಾರ, ಅಡುಗೆಮನೆ

ಸಿಂಕಿನಲ್ಲಿ ನೀರು ನಿಂತಿತ್ತು. ಮೊದಲು ಹೋಗಿ ನೋಡಿದ್ದು ಬಚ್ಚಲನ್ನು. ಅಲ್ಲಿ ನಿಧಾನವಾಗಿಯಾದರೂ ನೀರು ಇಳಿಯುತ್ತಿತ್ತು, ಉಕ್ಕಿ ಬರುತ್ತಿರಲಿಲ್ಲ. ಹಾಗಾದರೆ ಸಿಂಕಿನ ತೊಂದರೆ ಸಿಂಕಿನ ಕೆಳಗೇ. ಮನೆಯಲ್ಲಿ ಎಲ್ಲ ಕಡೆ ಒಟ್ಟಿಗೇ ನೀರು ಕಟ್ಟಿಕೊಂಡರೆ ಹೊರಗಿನ ಲೈನ್ ನೋಡಬೇಕು.

ಅಡುಗೆ ಸೋಡಾ, ವಿನೆಗರ್ ಸುರಿಯಲಿಲ್ಲ. ಒಂದು ಕ್ಷಾರ, ಇನ್ನೊಂದು ಆಮ್ಲ. ಸೇರಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡೋಕೆ ಚೆನ್ನಾಗಿರುತ್ತದೆ. ಆದರೆ ಒಂದರ ಬಲವನ್ನು ಇನ್ನೊಂದು ತಿಂದುಹಾಕುತ್ತದೆ, ಗಟ್ಟಿ ಜಿಡ್ಡು ಇದ್ದಲ್ಲೇ ಇರುತ್ತದೆ. ಅದರ ಬದಲು ಬಾಟಲ್ ಟ್ರ್ಯಾಪ್, ಅಂದರೆ ಸಿಂಕಿನ ಕೆಳಗೆ ಸ್ವಲ್ಪ ನೀರು ಹಿಡಿದಿಡುವ ಬಾಟಲಿಯಂಥ ಭಾಗ, ಬಿಚ್ಚುವುದೇ ಸುಲಭ. ಕೆಳಗೆ ಬಕೆಟ್ ಇಟ್ಟು, ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿದರೆ ಸಾಕು, ಸ್ಪ್ಯಾನರ್ ಬೇಡ.

ಒಳಗಿದ್ದದ್ದು ಬೂದು ಬಣ್ಣದ ಮುದ್ದೆ. ಅನ್ನದ ಅಗುಳು, ಚಹಾ ಚರಟ, ಪಾತ್ರೆ ತಿಕ್ಕುವ ತೆಂಗಿನ ನಾರು, ಇಷ್ಟನ್ನೂ ಎಣ್ಣೆ ಜಿಡ್ಡು ಹಿಡಿದಿಟ್ಟಿತ್ತು. ದೋಸೆ ಹಿಟ್ಟಿನ ಪಾತ್ರೆ ತೊಳೆದ ನೀರೂ ಪೈಪಿನ ಗೋಡೆಗೆ ಅಂಟಿ ಒಣಗಿತ್ತು. ತೊಳೆದು, ರಬ್ಬರ್ ವಾಷರ್ ಸರಿಯಾಗಿ ಕೂರಿಸಿ ತಿರುಗಿಸಿದೆ. ಆಮೇಲೆ ಕೈ ತಾಳುವಷ್ಟು ಬಿಸಿ ನೀರಿಗೆ ಪಾತ್ರೆ ಸೋಪು ಹಾಕಿ ಬಿಟ್ಟೆ. ಕುದಿಯುವ ನೀರು ಬೇಡ, ಪಿವಿಸಿ ಮೆತ್ತಗಾಗುತ್ತದೆ.

ಭಾನುವಾರ, ಬಚ್ಚಲು

ಇಲ್ಲಿನ ಕಥೆಯೇ ಬೇರೆ. ನಮ್ಮನೆಯಲ್ಲಿ ಎಣ್ಣೆ ಸ್ನಾನ, ಸೀಗೆಪುಡಿ ಇನ್ನೂ ಬಿಟ್ಟಿಲ್ಲ. ಕೂದಲು ಬಲೆ ಹೆಣೆಯುತ್ತದೆ, ಎಣ್ಣೆ ಅಂಟಿಸುತ್ತದೆ, ಸೀಗೆಪುಡಿ ತುಂಬಿಕೊಳ್ಳುತ್ತದೆ. ಜೊತೆಗೆ ಬೋರ್‌ವೆಲ್ಲಿನ ಗಡಸು ನೀರು, ಸೋಪು ಅದರಲ್ಲಿ ಕರಗದೆ ಬಿಳಿ ಪದರವಾಗಿ ಕೂರುತ್ತದೆ.

ಜಾಲಿ ತೆಗೆದು, ಅದರ ಕೆಳಗಿನ ಟ್ರ್ಯಾಪಿನ ಬಟ್ಟಲನ್ನೂ ಎತ್ತಿಟ್ಟು, ಕೊಕ್ಕೆ ಮಾಡಿದ ತಂತಿಯಲ್ಲಿ ಎಳೆದೆ. ಒಂದೇ ಎಳೆತಕ್ಕೆ ಇಲಿಯಷ್ಟು ದಪ್ಪದ ಕೂದಲ ಗಂಟು ಬಂತು! ಉಳಿದದ್ದಕ್ಕೆ ಪ್ಲಂಜರ್. ರಬ್ಬರ್ ಮುಳುಗುವಷ್ಟು ನೀರು ನಿಂತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಬರೀ ಗಾಳಿ ಒತ್ತಿದರೆ ಪ್ರಯೋಜನ ಕಡಿಮೆ. ಆಮೇಲೆ ಆ ಬಟ್ಟಲನ್ನು ವಾಪಸ್ ಇಟ್ಟೆ. ನೀರು ಹೋಗಲಿ ಅಂತ ಕೆಲವರು ಅದನ್ನು ಎಸೆದೇಬಿಡುತ್ತಾರೆ. ಅದರಲ್ಲಿ ನಿಲ್ಲುವ ನೀರೇ ನಾತಕ್ಕೂ ಜಿರಳೆಗೂ ಅಡ್ಡ, ಅಲ್ವಾ?

ಡ್ರೈನ್ ಪುಡಿ ಮುಟ್ಟಲಿಲ್ಲ. ಅದರಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ, ಚರ್ಮ ಸುಡುತ್ತದೆ. ಅದು ಸುರಿದ ಪೈಪಿಗೆ ಆ್ಯಸಿಡ್ ಹಾಕಲೇಬಾರದು. ಬ್ಲೀಚಿಂಗ್ ಪುಡಿಗೆ ಆ್ಯಸಿಡ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ.

ಈ ವಾರದ ಬದಲಾವಣೆ

ಸಿಂಕಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಬಂತು. "ನೀರು ನಿಧಾನಕ್ಕೆ ಹೋಗುತ್ತೆ ಕಣೋ" ಅಂತ ಅಮ್ಮನ ತಕರಾರು. ಆದರೆ ಬಾಣಲೆಯ ಜಿಡ್ಡನ್ನು ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯುವ ಅಭ್ಯಾಸ ಅವರದೇ, ಜಾಲಿಗಿಂತ ಜಾಸ್ತಿ ಉಪಯೋಗ ಅದರದು. ಸೀಗೆಪುಡಿ ಕಲಸುವ ಮೊದಲು ಜರಡಿ ಹಿಡಿಯುವುದಕ್ಕೂ ಒಪ್ಪಿದ್ದಾರೆ.

ಬಾಕಿ ಇರುವುದು ಚೇಂಬರ್, ಅಂದರೆ ಮನೆಯ ಕೊಳಚೆ ಪೈಪುಗಳು ಬಂದು ಸೇರುವ ಹೊರಗಿನ ಗುಂಡಿ. ಅದರ ಮುಚ್ಚಳ ಕಲ್ಲಿನದು, ಒಬ್ಬನ ಕೈಯಲ್ಲಿ ಏಳುವುದಿಲ್ಲ. ತಮ್ಮ ಊರಿಂದ ಬಂದಾಗ ಎತ್ತಬೇಕು. ಪಕ್ಕದಲ್ಲೇ ಕರಿಬೇವಿನ ಮರವಿದೆ, ಬೇರು ಪೈಪಿನ ಜಾಯಿಂಟಿನೊಳಗೆ ನುಗ್ಗಿದೆಯಾ ಅಂತ ಆಗ ಗೊತ್ತಾಗುತ್ತದೆ.