ಸಫ್ತಾ ಹಣೆಯವರೆಗೆ ಹೋದ ನನ್ನ ಕೈ

2022ರ ಗುಡ್ ಫ್ರೈಡೇ. ಅದೇ ಸಂಜೆ ಯಹೂದಿಗಳ ಪೆಸಾಖ್ ಹಬ್ಬವೂ ಶುರು. ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕೆಲಸ ನನ್ನದು. ಅವತ್ತು ನನಗೆ ಆಫ್ ಇತ್ತು, ಯಾಫೋ ಊರಿನ ಸಂತ ಅಂತೋಣಿ ಚರ್ಚಿಗೆ ಹೋಗಬೇಕಿತ್ತು. ನನ್ನ ಬದಲಿಗೆ ಬರಬೇಕಿದ್ದ ರಿಲೀವರ್ ಬರಲೇ ಇಲ್ಲ. ಏಜೆನ್ಸಿಗೆ ನಾಲ್ಕು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ.

ನಾನು ನೋಡಿಕೊಳ್ಳುತ್ತಿದ್ದ ಯಹೂದಿ ಅಜ್ಜಿಯನ್ನು ಸಫ್ತಾ ಅನ್ನುತ್ತಿದ್ದೆ, ಹೀಬ್ರೂನಲ್ಲಿ ಅಜ್ಜಿ ಅಂತ. ಅವರಿಗೆ ಆಗ 84 ವರ್ಷ. ಮಧ್ಯಾಹ್ನದಿಂದ ಜ್ವರ. ಏಳು ಗಂಟೆಗೆ ರಕ್ತದ ಆಕ್ಸಿಜನ್ ಸ್ಯಾಚುರೇಷನ್ 86ಕ್ಕೆ ಇಳಿಯಿತು. ಆಂಬುಲೆನ್ಸ್‌ಗೆ 101ಕ್ಕೆ ಫೋನ್ ಮಾಡಿದೆ, ಅವರ ಮಗಳಿಗೂ ಹೇಳಿದೆ. ದಿಂಬು ಕೊಟ್ಟು ಎತ್ತಿ ಕೂರಿಸಿದೆ. ಆಮೇಲೆ ಕಾಯುವುದೊಂದೇ ಕೆಲಸ.

ಆ ಕಾಯುವ ಹೊತ್ತಿನಲ್ಲೇ ತಪ್ಪಿದೆ. ಮೂರು ವರ್ಷ ಕೈಯಾರೆ ಸ್ನಾನ ಮಾಡಿಸಿದ ಜೀವ. ಯೇಸುವನ್ನು ಒಪ್ಪದೆ ಹೋಗಿಬಿಟ್ಟರೆ ಏನು ಗತಿ ಅಂತ ಹೊಟ್ಟೆಯಲ್ಲಿ ಸಂಕಟ. ಸಾವಿನ ಹೊತ್ತಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ, ಅಂದರೆ ತಲೆಗೆ ನೀರು ಹಾಕಿ ಕ್ರೈಸ್ತರಾಗಿಸುವ ಸಂಸ್ಕಾರ, ಕೊಡಬಹುದು ಅಂತ ಊರಿನ ಚರ್ಚಿನ ಕ್ಯಾಟಿಕಿಸಂ ಕ್ಲಾಸಿನಲ್ಲಿ ಕಲಿತಿದ್ದೆ. ಮಾತ್ರೆ ನುಂಗಿಸುವ ಲೋಟದಿಂದ ಅಂಗೈಗೆ ನೀರು ಸುರಿದುಕೊಂಡೆ. ಬೆರಳ ಸಂದಿಯಿಂದ ಬೆಡ್‌ಶೀಟ್ ಮೇಲೆ ತೊಟ್ಟಿಕ್ಕುತ್ತಿತ್ತು. ಹಣೆಗೆ ಇನ್ನು ನಾಲ್ಕು ಬೆರಳಿನಷ್ಟೇ ದೂರ.

ಸಫ್ತಾ ಕಣ್ಣು ಬಿಟ್ಟರು. ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಲೋ" ಅಂದರು. ಹೀಬ್ರೂನಲ್ಲಿ ಬೇಡ ಅಂತ. ಇಷ್ಟು ಸಣ್ಣ ದನಿಯಲ್ಲಿ. ನನ್ನ ಮಣಿಕಟ್ಟು ಹಿಡಿದುಕೊಂಡರು, ಆಂಬುಲೆನ್ಸ್‌ನವರು ಬಾಗಿಲು ಬಡಿಯುವವರೆಗೂ ಬಿಡಲಿಲ್ಲ.

ನನಗೆ ಗೊತ್ತಿರದ ಕಥೆಯೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳ ಕಣ್ಣು ತಪ್ಪಿಸಿ ಬೆಲ್ಜಿಯಂನ ಕಾನ್ವೆಂಟಿನಲ್ಲಿ ಬಚ್ಚಿಟ್ಟು ಬದುಕಿಸಿದ ಮಗು ಅವರು. ಅಲ್ಲೇ ಹೆಸರು ಬದಲಾಯಿತು, ಜ್ಞಾನಸ್ನಾನವೂ ಆಯಿತು. ಎಷ್ಟೋ ಸಲ ಹೇಳಿದ್ದರು. ನಾನು ಪಾತ್ರೆ ತೊಳೆಯುತ್ತಾ ಹೂಂ ಹೂಂ ಅಂದಿದ್ದೆ, ಅಷ್ಟೆ.

ಎರಡು ವಾರ ಬಿಟ್ಟು ಫಾದರ್ ಹತ್ತಿರ ಅತ್ತೆ. ಅವರು ಬೈಯಲಿಲ್ಲ. ಮೊರ್ತಾರಾ ಅನ್ನೋ ಹುಡುಗನ ಕಥೆ ಹೇಳಿದರು. ಇಟಲಿಯ ಬೊಲೋನ್ಯದ ಯಹೂದಿ ಮನೆ. ಕಾಯಿಲೆ ಬಿದ್ದ ಕೂಸಿಗೆ ಕೆಲಸದ ಹುಡುಗಿ ಗುಟ್ಟಾಗಿ ನೀರು ಹಾಕಿದ್ದಳು. ಅದು ಹೊರಬಿದ್ದಾಗ, 1858ರಲ್ಲಿ, ಜ್ಞಾನಸ್ನಾನವಾದ ಮಗು ಯಹೂದಿ ಮನೆಯಲ್ಲಿ ಬೆಳೆಯಬಾರದು ಅಂತ ಪೋಪರ ಆಡಳಿತದ ಪೊಲೀಸರು ಆರು ವರ್ಷದ ಹುಡುಗನನ್ನು ತಾಯಿಯಿಂದ ಕಿತ್ತುಕೊಂಡು ಹೋದರು. ಅವಳೂ ನನ್ನ ಹಾಗೆ ಮನೆಗೆಲಸಕ್ಕೆ ಬಂದವಳೇ ಅಲ್ವಾ? ಅವಳಿಗೂ ಮಗುವಿನ ಮೇಲೆ ಪ್ರೀತಿ ಇದ್ದಿರಬೇಕು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಫಾದರ್ ರೋಮನ್ನರಿಗೆ ಪೌಲ ಬರೆದ ಪತ್ರದ 11ನೇ ಅಧ್ಯಾಯ ತೆರೆದರು. ಯಹೂದಿಗಳಲ್ಲದ ನಾವು ಕಾಡು ಆಲಿವ್‌ನಿಂದ ತಂದು ಇಸ್ರಾಯೇಲ್ ಅನ್ನೋ ಮರಕ್ಕೆ ಕಸಿ ಕಟ್ಟಿದ ಕೊಂಬೆಗಳು. ಬೇರನ್ನು ನಾವು ಹೊತ್ತಿಲ್ಲ, ಬೇರೇ ನಮ್ಮನ್ನು ಹೊತ್ತಿದೆ. ದೇವರು ಕೊಟ್ಟ ವರ, ಕೊಟ್ಟ ಕರೆ ಹಿಂದಕ್ಕೆ ತಗೊಳ್ಳೋದಿಲ್ಲ. ಈ ಮಾತು ಮೊದಲಿನಿಂದ ಬೈಬಲ್‌ನಲ್ಲೇ ಇತ್ತು. ಆದರೂ ಯಹೂದಿಗಳನ್ನು ದೇವರು ಕೈಬಿಟ್ಟ, ಅವರ ಜಾಗ ಚರ್ಚಿಗೆ ಬಂತು ಅಂತಲೇ ನೂರಾರು ವರ್ಷ ಕಲಿಸಿದರು. ಗುಡ್ ಫ್ರೈಡೇ ಪ್ರಾರ್ಥನೆಯಲ್ಲಿ ಅವರನ್ನು 'ವಿಶ್ವಾಸವಿಲ್ಲದವರು' ಅನ್ನುತ್ತಿದ್ದ ಪದವನ್ನು ತೆಗೆದದ್ದೇ 1959ರಲ್ಲಿ. ಯೇಸುವಿನ ಸಾವಿನ ತಪ್ಪನ್ನು ಎಲ್ಲ ಯಹೂದಿಗಳ ಮೇಲೆ ಹೊರಿಸಬಾರದು ಅಂತ ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರಲ್ಲಿ. ಯಹೂದಿಗಳೂ ದೇವರ ರಕ್ಷಣೆಯಲ್ಲಿ ಪಾಲುದಾರರು, ಕ್ರಿಸ್ತನನ್ನು ಬಾಯಿಬಿಟ್ಟು ಒಪ್ಪದೆ ಅದು ಹೇಗೆ ಅನ್ನೋದು ದೇವರ ರಹಸ್ಯ ಅಂತ 2015ರಲ್ಲಿ ವ್ಯಾಟಿಕನ್ ಆಯೋಗ ಬರೆಯಿತು. ಅವರನ್ನು ಮತಕ್ಕೆ ಸೇರಿಸಲೆಂದೇ ಸಂಘಟಿತ ಕೆಲಸ ಕ್ಯಾಥೋಲಿಕ್ ಚರ್ಚ್ ಮಾಡೋದಿಲ್ಲ ಅಂತಲೂ ಅದರಲ್ಲಿದೆ.

ಎಲ್ಲ ಕ್ರೈಸ್ತರೂ ಇದನ್ನು ಒಪ್ಪೋದಿಲ್ಲ. ಪಕ್ಕದ ಬಿಲ್ಡಿಂಗ್‌ನಲ್ಲಿ ಕೆಲಸ ಮಾಡುವ ಪೆಂಟೆಕೋಸ್ಟಲ್ ಗೆಳತಿ ಈಗಲೂ ವಾದ ಮಾಡ್ತಾಳೆ: ಯೇಸು ಬಿಟ್ಟರೆ ಬೇರೆ ಹೆಸರಿನಲ್ಲಿ ರಕ್ಷಣೆ ಇಲ್ಲ ಅಂತಲೇ ಬರೆದಿದೆ. ಯೇಸುವೇ ರಕ್ಷಕ ಅಂತ ನಾನೂ ನಂಬುತ್ತೇನೆ. ಆದರೆ ಎದ್ದು ಕೂರಲಾಗದವರ ಹಣೆಗೆ ಕೇಳದೆ ನೀರು ಹಾಕುವ ಹಕ್ಕು ನನಗಿಲ್ಲ. ಬೆಡ್‌ಸೋರ್, ಡೈಪರ್, ಲಿಫ್ಟ್ ಎಲ್ಲಾ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟ ಏಜೆನ್ಸಿಯವರು ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಒಂದು ಮಧ್ಯಾಹ್ನ ಉಗುರು ಕತ್ತರಿಸುತ್ತಾ ಸಫ್ತಾ ಹತ್ತಿರ ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ನಿದ್ದರು. ಇನ್ನೊಂದು ಕೈಯನ್ನೂ ನನ್ನ ಮುಂದೆ ಚಾಚಿದರು.

"ಆ ಸಿಸ್ಟರ್‌ಗಳು ಒಳ್ಳೆಯವರು, ಅವರಿಂದಲೇ ಬದುಕಿದೆ," ಅಂದರು. "ಆದರೆ ಅಮ್ಮ ಕರೆಯುತ್ತಿದ್ದ ಹೆಸರನ್ನು ಎರಡು ವರ್ಷ ಬಾಯಿಬಿಟ್ಟು ಹೇಳಲಿಲ್ಲ. ಮರೆತುಹೋಗುತ್ತೆ ಅಂತ ರಾತ್ರಿ ಹೊದಿಕೆಯೊಳಗೆ ಹೇಳಿಕೊಳ್ಳುತ್ತಿದ್ದೆ."