ಇವಳಿಗೆ ಹೊಲಿಗೆ ಬರ್ತಿತ್ತಾ?

ಮಂಗಳವಾರ ರಾತ್ರಿಯಿಂದ ಅಮ್ಮನ ಒಂದು ಪ್ರಶ್ನೆ ತಲೆಯೊಳಗೆ ಕೂತುಬಿಟ್ಟಿದೆ.

ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ 1919ರಲ್ಲಿ ತೆಗೆದ ಒಂದು ಫೋಟೋ ನೋಡುತ್ತಿದ್ದೆ. ಚಿತ್ರಕಲಾವಿದೆ, ಮುಂದೆ ಆತನ ಹೆಂಡತಿಯಾದ ಜಾರ್ಜಿಯಾ ಓಕೀಫ್ ಅವರ ಕೈಗಳು. ಮುಖವೇ ಇಲ್ಲ. ಒಂದು ಬೆರಳಿಗೆ ಅಂಗುಸ್ತಾನ, ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿಕೊಳ್ಳುವ ಪುಟ್ಟ ಟೊಪ್ಪಿ. ಪಕ್ಕದಲ್ಲಿ ಸೀರೆಗೆ ಫಾಲ್ಸ್ ಹಾಕುತ್ತಿದ್ದ ಅಮ್ಮ ಬಗ್ಗಿ ನೋಡಿದಳು.

"ಇವಳಿಗೆ ಹೊಲಿಗೆ ಬರ್ತಿತ್ತಾ?"

"ಅಮ್ಮಾ, ಅದು ಸಂಕೇತ" ಅಂದೆ. ಅಮ್ಮ ಸೂಜಿಯತ್ತ ತಿರುಗಿದಳು.

ಮುಖ ಒಂದರಲ್ಲೇ ಮನುಷ್ಯರು ಮುಗಿದುಹೋಗುವುದಿಲ್ಲ ಎಂದು ಸ್ಟೀಗ್ಲಿಟ್ಜ್ ನಂಬಿದ್ದ. 1917ರಿಂದ 1937ರವರೆಗೆ ಆಕೆಯ 300ಕ್ಕೂ ಜಾಸ್ತಿ ಫೋಟೋ ತೆಗೆದ. ಕೈ, ಕತ್ತು, ಪಾದ, ಮೈ, ಎಲ್ಲ ಸೇರಿದರೆ ಒಂದು ಭಾವಚಿತ್ರ. ಆ ಯೋಚನೆ ನನಗೆ ಈಗಲೂ ಇಷ್ಟ. ಆದರೆ ಆ ಕೈಗಳು ತಾವಾಗಿ ಹಾಗೆ ನಿಂತದ್ದಲ್ಲ. ಫೋಟೋ ಗಾಜಿನ ಪ್ಲೇಟಿನ ಮೇಲೆ ನಿಧಾನಕ್ಕೆ ಮೂಡುತ್ತಿದ್ದ ಕಾಲ ಅದು. ಮೂರು ನಾಲ್ಕು ನಿಮಿಷ ಅಲುಗಾಡುವಂತಿರಲಿಲ್ಲ, ಆಗಲೇ ಎಲ್ಲೋ ತುರಿಕೆ ಶುರುವಾಗುತ್ತಿತ್ತು ಎಂದು ಓಕೀಫ್ ಮುಂದೆ ಬರೆದುಕೊಂಡಿದ್ದಾರೆ. 1921ರಲ್ಲಿ ನ್ಯೂಯಾರ್ಕಿನಲ್ಲಿ ಈ ಫೋಟೋಗಳ ಪ್ರದರ್ಶನವಾಯಿತು. ಆಮೇಲೆ ವಿಮರ್ಶಕರು ಆಕೆ ಬರೆದ ಹೂವುಗಳಲ್ಲೂ ಹೆಣ್ಣಿನ ದೇಹವನ್ನೇ ಹುಡುಕಿದರು. ಬೇಡ ಬೇಡ ಎಂದು ಆಕೆ ಬದುಕಿಡೀ ಹೇಳಬೇಕಾಯಿತು. ಸ್ಟೀಗ್ಲಿಟ್ಜ್‌ಗೆ ಪ್ರೀತಿ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಆಕೆಯನ್ನು ಹೇಗೆ ನೋಡಬೇಕು ಅನ್ನೋದನ್ನೂ ಆತನೇ ಊರಿಗೆಲ್ಲ ಕಲಿಸಿಕೊಟ್ಟ. ಅದು ನನಗೆ ಸರಿ ಕಾಣುವುದಿಲ್ಲ.

ಬುಧವಾರ ಹುಡುಕಿ ನೋಡಿದೆ. ಓಕೀಫ್‌ಗೆ ಹೊಲಿಗೆ ಬರುತ್ತಿತ್ತು! ಎಷ್ಟೋ ಬಟ್ಟೆಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಆ ಅಂಗುಸ್ತಾನ ನಿಜವಾಗಿ ಕೆಲಸ ಮಾಡಿದ ಬೆರಳಿನದು.

"ಇವಳಿಗೆ ಹೊಲಿಗೆ ಬರ್ತಿತ್ತಾ?" ನಾನು ಓದಿದ ಯಾವ ಲೇಖನದಲ್ಲೂ ಯಾರೂ ಇದನ್ನು ಕೇಳಿರಲಿಲ್ಲ. ಕೇಳಿದ್ದು, ಮೂವತ್ತು ವರ್ಷ ಊರವರ ರವಿಕೆ ಹೊಲಿದು ನನ್ನನ್ನು ಓದಿಸಿದವಳು. ನಾನೋ, ಸಂಕೇತ ಅಂತ ಹೇಳಿ ಅವಳ ಬಾಯಿ ಮುಚ್ಚಿಸಿದೆ. ಮದುವೆಮನೆ ಫೋಟೋಗಳಲ್ಲೆಲ್ಲ ಅಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿರುತ್ತಾಳೆ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ಅದು ಯಾವುದರ ಸಂಕೇತ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ನಿನ್ನೆ ಹೋಗಿ ಹೇಳಿದೆ. "ಬರ್ತಿತ್ತಂತೆ ಅಮ್ಮಾ, ತನ್ನ ಬಟ್ಟೆ ತಾನೇ ಹೊಲ್ಕೋತಿದ್ಲಂತೆ."

"ಮತ್ತೆ? ನಂಗೆ ಗೊತ್ತಾಯ್ತಲ್ಲ" ಅಂದಳು. ಆಮೇಲೆ ಆ ಫೋಟೋ ಇನ್ನೊಮ್ಮೆ ತೋರಿಸು ಅಂದಳು.